ಹುಳ ಓಡಿಹೋಗದ ಮಣ್ಣು

ಇದು ಆಗದ ಮಾತು ಎಂದವರು ನಮ್ಮ ದೊಡ್ಡಪ್ಪ. "ನಮ್ಮನಿ ಹುಡುಗಿ ಎಮ್ಮೆಸ್ಸಿ ಮುಗಸ್ತಾಳಂತ! ಅಷ್ಟು ಓದಿ ಮಾಡೋದೇನು? ಮಣ್ಣು ಕೆದರೋದು. ಅದನ್ನ ಇಲ್ಲೇ ಕೆದರಬೌದಲ್ಲೋ" ಎಂದು ನಮ್ಮೂರು ಹೊಸಹಳ್ಳಿಯ ಚಹಾದಂಗಡಿಯನ್ನೆಲ್ಲ ನಗಿಸಿದ್ದರು. ನಮ್ಮ ಮನೆಯಲ್ಲಿ ನನಗಿಂತ ಮೊದಲು ಕಾಲೇಜು ಕಂಡವರಿಲ್ಲ.

ಕೊನೆಯ ವರ್ಷದ ಪ್ರಾಜೆಕ್ಟು, ಮಣ್ಣಿಗೆ ಸೇರಿದ ಲೋಹ ಎಷ್ಟು ವಿಷವಾಗಿದೆ ಎಂದು ತಿಳಿಯುವುದು. ಪೆಟ್ಟಿಗೆಯ ಒಂದು ಮಗ್ಗುಲಿಗೆ ಒಳ್ಳೆಯ ಮಣ್ಣು, ಇನ್ನೊಂದಕ್ಕೆ ಪರೀಕ್ಷೆಯ ಮಣ್ಣು ತುಂಬಿ, ನಡುವೆ ಎರೆಹುಳ ಬಿಡಬೇಕು. ವಿಷವಿದ್ದರೆ ಹುಳ ಒಳ್ಳೆಯ ಕಡೆಗೆ ಓಡುತ್ತವೆ.

ಪಕ್ಕದ ಮೇಜಿನವಳು ಹರಪನಹಳ್ಳಿಯ ಮೇಷ್ಟರ ಮಗಳು. ಹಳೆಯ ಬ್ಯಾಟರಿ ಒಡೆಯುವ ಗುಜರಿ ಶೆಡ್ಡಿನ ಹಿಂದಿನ ಮಣ್ಣನ್ನು ಅವಳಪ್ಪ ಕಾರಿನಲ್ಲಿ ತಂದುಕೊಟ್ಟಿದ್ದರು. ನಾನು ಹೆದ್ದಾರಿ ಪಕ್ಕದ ನಮ್ಮ ಹೊಲದ ಹಲವು ಗುಂಡಿಗಳ ಮಣ್ಣನ್ನು ಬೇರೆ ಬೇರೆ ಪೊಟ್ಟಣ ಕಟ್ಟಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದೆ. ಅವಳ ಹುಳಗಳು ಒಂದೂ ಉಳಿಯದೆ ಓಡಿದವು. ನನ್ನವು ಎರಡೂ ಕಡೆ ಹಾಯಾಗಿದ್ದವು. ಎಲ್ಲರೂ ಅವಳ ಪೆಟ್ಟಿಗೆಯ ಸುತ್ತ ನಿಂತರು. ನನಗೆ ಹೊಟ್ಟೆ ಉರಿಯಿತು. ಅವಳ ಕಾರಿಗೂ ಅಷ್ಟು ಉರಿದಿರಲಿಲ್ಲ, ಅವಳ ಮಣ್ಣಿನ ವಿಷಕ್ಕೆ ಉರಿಯಿತು. ಏನೂ ಇಲ್ಲ ಎಂದು ಬರೆದರೆ ಪಾಸು ಮಾಡುತ್ತಾರೆಯೇ?

ಆಮೇಲೆ ಲೋಹ ಅಳೆಯುವ ಯಂತ್ರಕ್ಕೆ ಹಾಕಿದಾಗ ನನ್ನ ಒಂದು ಪೊಟ್ಟಣದಲ್ಲಿ ಸೀಸ ಸಿಕ್ಕಿತು. ಅವಳ ಕಡೆ ನೋಡಿ ಬೀಗಿದೆ. ನಮ್ಮ ಸರ್ ಮಾತ್ರ ಹುಬ್ಬು ಗಂಟಿಕ್ಕಿದರು.

"ಉಳಿದಾವುದರಾಗೂ ಇಲ್ಲ, ಇದೊಂದರಾಗ ಹೆಂಗ ಬಂತು? ತೆಗಿವಾಗ ಏನು ಮಾಡಿದ್ರಿ?"

ಆಗ ನೆನಪಾಯಿತು. ಭೂಮಿತಾಯಿಯನ್ನು ಕೇಳದೆ ನಮ್ಮಲ್ಲಿ ಗುದ್ದಲಿ ಹಾಕುವುದಿಲ್ಲ. ಮೊದಲ ಗುಂಡಿಯ ಜಾಗದಲ್ಲಿ ಅವ್ವ ಕುಂಕುಮ ಚೆಲ್ಲಿ ಕೈಮುಗಿದಿದ್ದಳು. ಆ ಕುಂಕುಮವನ್ನೇ ತಂದು ಅಳೆದೆವು. ಅಗ್ಗದ ಬಣ್ಣ, ಸೀಸ ಅದರಲ್ಲೇ ಇತ್ತು. ಕುಂಕುಮ ತಾಕದಂತೆ ಹೊಸದಾಗಿ ತಂದ ಮಣ್ಣಿನಲ್ಲಿ ಸೀಸ ಇರಲಿಲ್ಲ.

ಅವ್ವನಿಗೆ ಹೇಳಿದರೆ ಕುಂಕುಮದ ಡಬ್ಬಿಯನ್ನು ನನ್ನ ಕೈಗಿಟ್ಟಳು. "ಹಂಗಾರ ಇಷ್ಟು ದಿನ ಹಣಿಮ್ಯಾಲೆ ಹಚ್ಕೊಂಡಿದ್ದು ಇದನ್ನೇನವಾ? ಎಲ್ಲೆರ ಒಯ್ಯಿ. ನಮ್ಮ ಹೊಲದಾಗ ಮಾತ್ರ ಚೆಲ್ಲಬ್ಯಾಡ."

ವಿಷವಿಲ್ಲ ಎಂದೇ ಬರೆದೆ. "ಇಲ್ಲ ಅನ್ನೋದನ್ನೂ ಸಾಧಿಸಿ ತೋರಿಸಬೇಕಲ್ರಿ" ಎಂದು ಸರ್ ಸಹಿ ಹಾಕಿದರು. ಪಾಸಾದೆ. ಮೇಷ್ಟರ ಮಗಳು ನನಗಿಂತ ಹೆಚ್ಚು ಅಂಕ ಪಡೆದು ಪಾಸಾದಳು. ಅದು ಇವತ್ತಿಗೂ ಚುಚ್ಚುತ್ತದೆ, ಸುಳ್ಳೇಕೆ ಹೇಳಲಿ.

ಸರ್ಟಿಫಿಕೇಟನ್ನು ಅವ್ವನ ಕೈಗೆ ಕೊಟ್ಟೆ. ಓದಲು ಬಾರದ ಅವಳು ಎರಡೂ ಕೈಯಲ್ಲಿ ಹಿಡಿದು, ಉದ್ದಗಲ ನೋಡಿ ಕೇಳಿದಳು:

"ಆ ಮೇಷ್ಟ್ರ ಮಗಳಿಗೂ ಇಷ್ಟ ದೊಡ್ಡದು ಕೊಟ್ಟಾರೇನು?"