ಎಲಿ ಚಂಚ್ಯಾಗ ಇಬ್ಬರು ಡಾಕ್ಟ್ರು

ಶಹಾಪುರದ ಡಾಕ್ಟ್ರು ನನಗ ರಕ್ತ ತೆಳು ಮಾಡೂ ಗುಳಿಗಿ ಕೊಟ್ಟಿದ್ರು, ಸುರಪುರದವರು ಮೊಣಕಾಲು ನೋವಿಗಿ. ಒಬ್ಬರ ಸುದ್ದಿ ಇನ್ನೊಬ್ಬರಿಗಿ ಹೇಳಿರಲಿಲ್ಲ, ಹೇಳಿದ್ರ ಬೈತಾರ. ಗುಳಿಗೀನೂ ಎಲಿ-ಅಡಿಕಿ ಇಡೂ ಬಟ್ಟಿ ಚಂಚಿಯ ಬ್ಯಾರೆ ಬ್ಯಾರೆ ಖಾನ್ಯಾಗ ಇಟ್ಟಿದ್ದೆ, ಸವತ್ಯಾರನ್ನ ಇಟ್ಟಂಗ.

ಮೊನ್ನಿ ರಕ್ತದ ಗುಳಿಗಿ ತೀರಾಕ ಬಂದಿದ್ವು ಅಂತ ಶಹಾಪುರದ ಔಷಧಿ ಅಂಗಡ್ಯಾಗ ಚಂಚಿ ಬಿಚ್ಚಿದೆ. ಅಂಗಡ್ಯಾಕಿ ಎರಡೂ ಖಾನೆ ನೋಡಿಬಿಟ್ಟಳು.

"ಯಮ್ಮಾ, ಇವೆರಡೂ ಕೂಡಿ ನುಂಗಾಕತ್ತೀರೇನು? ವಸಡಿನಾಗ ರಕ್ತ ಬರ್ತದೇನ್ರಿ?"

"ಎಲಿ ತಿನ್ನೂ ಬಾಯಿ ಕೆಂಪಿರದೆ ಹಸರ ಇರ್ತದೇನವ್ವಾ?"

"ಇವತ್ತ ಎಲಿ ತಿಂದೀರೇನು?"

ತಿಂದಿರಲಿಲ್ಲ. ಸೆರಗಿನಿಂದ ತುಟಿ ಒರಸಿ ನೋಡಿದ್ರ ಕೆಂಪಗ ಇತ್ತು.

ಆಕಿ ಶಹಾಪುರದ ಡಾಕ್ಟ್ರಿಗಿ ಫೋನ್ ಹಚ್ಚಿದಳು. "ನೋವಿನ ಗುಳಿಗಿ ಬಿಟ್ಟು ಈಗಲೇ ಬರ್ರಿ ಅಂದಾರ. ಅದನ್ನ ಯಾರು ಕೊಟ್ರು ಅಂತ ಕೇಳಾಕತ್ತಾರ."

ಅಂಗಡಿ ಮುಂದ ನಿಂತಿದ್ದ ನಮ್ಮೂರ ಮಂದಿಯೆಲ್ಲಾ ಕಿವಿ ನಿಮಿರಿಸಿದ್ರು. ಸುರಪುರದವರ ಹೆಸರು ಹೇಳಲೇಬೇಕಾತು.

ನಮ್ಮೂರು ಸಗರದಾಗ ಯಾರ ಮನಿ ಗುಟ್ಟೂ ನಾ ಉಳಿಸಿದಾಕಿ ಅಲ್ಲ. ಆವತ್ತು ಡಾಕ್ಟ್ರಿಗಿ ತೋರಿಸಿಕೊಂಡು ಬಸ್ಸಿಳಿಯೂದರಾಗ ನನ್ನ ಗುಟ್ಟು ಊರು ಮುಟ್ಟಿತ್ತು. "ಇಬ್ಬರು ಡಾಕ್ಟ್ರಂತಲ್ಲ ದೊಡ್ಡವ್ವಾ!" ಅಂತ ಬಾಜೂ ಮನಿಯಾಕಿ ನಕ್ಕಳು. ಒಬ್ಬ ಗಂಡನ್ನ ಸಂಭಾಳಸಾಕ ಬರದಾಕಿ, ಆಕಿಗೇನ್ ತಿಳೀತದ!