ಹಳದಿ ಗೆರೆಗೆ ನಾಲ್ಕು ಗಜ ಈಚೆಗೆ

ಕಳೆದ ಭಾನುವಾರ ಮಧ್ಯಾಹ್ನ ನಾನು ಕೆಲಸಕ್ಕೆ ರಾಜೀನಾಮೆ ಕೊಟ್ಟೆ.

ಗಾಬರಿಯಾಗಬೇಡಿ. ಕ್ವೀನ್ ಸ್ಟ್ರೀಟಿನ ಔಷಧಿ ಅಂಗಡಿಯ ಕೆಲಸಕ್ಕಲ್ಲ. ಅಲ್ಲಿ ಇನ್ನೂ ಮಾತ್ರೆ ಎಣಿಸುತ್ತಲೇ ಇದ್ದೇನೆ. ನಾನು ಬಿಟ್ಟದ್ದು ಆಗಸ್ಟಿನಿಂದ ಮನೆಯಲ್ಲಿ ಮಾಡುತ್ತಿದ್ದ ಇನ್ನೊಂದು ಕೆಲಸ. ಸಂಬಳವಿಲ್ಲ, ರಜೆಯಿಲ್ಲ. ಅಮ್ಮನ ಮಾತನ್ನು ನನ್ನ ಗಂಡನಿಗೆ ತಲುಪಿಸುವುದು, ಗಂಡನ ಮಾತನ್ನು ಅಮ್ಮನಿಗೆ ತಲುಪಿಸುವುದು. ಅದೂ ಇಬ್ಬರೂ ಒಂದೇ ಕೋಣೆಯಲ್ಲಿ ಕೂತಿರುವಾಗ.

ಇಬ್ಬರಿಗೂ ಜಗಳವೇ? ಛೆ, ಇಲ್ಲ. ಜಗಳವಾಗಿದ್ದರೆ ಎಷ್ಟೋ ವಾಸಿಯಿತ್ತು. ಇದ್ದದ್ದು ಮರ್ಯಾದೆ.

ನಮ್ಮಮ್ಮ ತಿಪಟೂರಿನ ಕಡೆಯವಳು. ಅಳಿಯ ಒಳಗೆ ಬಂದರೆ ಎದ್ದು ನಿಲ್ಲಬೇಕು, ಸೆರಗು ಸರಿಮಾಡಿಕೊಳ್ಳಬೇಕು, ಸರಿಸಮ ಕೂರಬಾರದು, ನೇರವಾಗಿ ಮಾತಾಡಿಸಬಾರದು ಎಂದು ಕಲಿತು ಬೆಳೆದವಳು. ಆ ಪದ್ಧತಿಯನ್ನು ಸೂಟ್‌ಕೇಸಿನಲ್ಲಿ ಕೊಬ್ಬರಿಯ ಜೊತೆಗೆ ಮಡಿಸಿಟ್ಟುಕೊಂಡೇ ಕಡಲಾಚೆಯ ನಮ್ಮೂರು ಸ್ಟ್ರೀಟ್ಸ್‌ವಿಲ್‌ಗೆ ಬಂದಿಳಿದಳು. (ಕೊಬ್ಬರಿಯನ್ನು ಏರ್‌ಪೋರ್ಟಿನವರು ಬಿಟ್ಟರು. ಪದ್ಧತಿಯನ್ನು ಯಾರೂ ತಪಾಸಣೆ ಮಾಡಲಿಲ್ಲ.) ನನ್ನ ಗಂಡ ಶ್ರೀಧರನೋ, ಮೊದಲೇ ಮಾತು ಕಮ್ಮಿ. ಹಿರಿಯರು ಅಷ್ಟು ಗೌರವ ಕೊಡುವಾಗ ತಾವು ಅದಕ್ಕಿಂತ ಹೆಚ್ಚು ಕೊಡಬೇಕೆಂದು ಮಾತನ್ನು ಇನ್ನೂ ಕಮ್ಮಿ ಮಾಡಿಕೊಂಡರು.

ಆಮೇಲೆ ನಡೆದದ್ದು ಹೀಗೆ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅವ್ರಿಗೆ ಕಾಫಿ ಬೇಕೇನೋ ಕೇಳೇ" ಅನ್ನುತ್ತಾಳೆ. ಶ್ರೀಧರ ಸೋಫಾದಿಂದ ನನ್ನ ಕಡೆ ತಿರುಗಿ, ಈಗ ಬೇಡ ಅಂತ ಹೇಳು ಅನ್ನುತ್ತಾರೆ. ನಾನು ಹೇಳುತ್ತೇನೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಗಾದೆ ಮಾಡಿದ ಪುಣ್ಯಾತ್ಮರು ಅತ್ತೆ ಮತ್ತು ಅಳಿಯನಿಗೆ ಯಾವ ಕಾಲವನ್ನೂ ಇಟ್ಟಿಲ್ಲ ನೋಡಿ.

ಆದರೆ ಭಾನುವಾರ ಮಧ್ಯಾಹ್ನ ನನಗೆ ಶಿಫ್ಟು. ಮಗ ವಾಟರ್ಲೂನಲ್ಲಿ ಓದುತ್ತಾನೆ. ಮನೆಯಲ್ಲಿ ಇವರಿಬ್ಬರೇ. ನಾನಿಲ್ಲದೆ ಏನು ಮಾಡುತ್ತಾರೆ? ಹಸಿದು ಕೂತಿರುತ್ತಾರೋ ಏನೋ ಎಂದು ನನಗೆ ಯೋಚನೆ.

ಅಕ್ಟೋಬರಿನ ಒಂದು ಭಾನುವಾರ ತಲೆನೋವೆಂದು ಬೇಗ ಬಂದೆ. ಗರಾಜಿನ ಕಡೆಯ ಬಾಗಿಲು ತೆರೆದು ಶೂ ಬಿಚ್ಚುತ್ತಿದ್ದಾಗ ಒಳಗಿನಿಂದ ಅಮ್ಮನ ದನಿ ಕೇಳಿಸಿತು.

"ಓಡ್ತಾನೆ."

"ಇಲ್ಲ, ಎಸೀತಾನೆ." ಇದು ಶ್ರೀಧರ.

ಒಂದು ಕ್ಷಣ ಟಿವಿಯ ಗದ್ದಲ. ಆಮೇಲೆ ಅಮ್ಮ ಸಮಾಧಾನದಿಂದ, "ಓಡ್ದ ನೋಡು" ಅಂದಳು.

ನನ್ನ ತಲೆನೋವು ಅಲ್ಲೇ ಇಳಿದುಹೋಯಿತು. ಮೆಲ್ಲಗೆ ಇಣುಕಿದೆ. ಶ್ರೀಧರ ಸೋಫಾದಲ್ಲಿ, ಅಮ್ಮ ಅಡುಗೆಮನೆ ಬಾಗಿಲಿಗೆ ಎಳೆದುಕೊಂಡ ಡೈನಿಂಗ್ ಕುರ್ಚಿಯಲ್ಲಿ, ಮಡಿಲಲ್ಲಿ ಅವರೆಕಾಯಿಯ ತಟ್ಟೆ. ಇಬ್ಬರ ಕಣ್ಣೂ ಟಿವಿಯ ಮೇಲೆ. ಒಬ್ಬರು ಇನ್ನೊಬ್ಬರ ಕಡೆ ತಿರುಗಿಯೂ ನೋಡುತ್ತಿಲ್ಲ. ಅಮ್ಮ ಟಿವಿಗೆ ಹೇಳುತ್ತಾಳೆ, ಶ್ರೀಧರ ಟಿವಿಗೆ ಹೇಳುತ್ತಾರೆ. ಪದ್ಧತಿ ಉಳಿಯಿತು, ಮಾತೂ ನಡೆಯಿತು!

ಟಿವಿಯಲ್ಲಿದ್ದದ್ದು ಅಮೆರಿಕನ್ ಫುಟ್‌ಬಾಲು. ನಮ್ಮ ಮನೆಗೆ ಅದು ಬಂದದ್ದು ಶ್ರೀಧರನ ಆಫೀಸಿನಿಂದ. ನಮ್ಮೂರ ಹತ್ತಿರದ ಸರೋವರದ ಆಚೆ ದಡದ ಬಫಲೋ ಊರಿನ ತಂಡ ಇವರದ್ದು. ಎಷ್ಟು ವರ್ಷಗಳಿಂದ ಸೋಲುತ್ತಿದೆಯೋ ಅಷ್ಟೇ ವರ್ಷಗಳಿಂದ ಇವರು ಅದಕ್ಕೆ ಅಂಟಿಕೊಂಡಿದ್ದಾರೆ. (ಗೆಲ್ಲುವ ತಂಡವನ್ನು ಯಾರು ಬೇಕಾದರೂ ಪ್ರೀತಿಸುತ್ತಾರೆ ಎನ್ನುವುದು ಅವರ ವಾದ. ಮದುವೆಯಾದ ಹೊಸದರಲ್ಲಿ ಇದನ್ನು ಕೇಳಿ ನಾನು ಸ್ವಲ್ಪ ಯೋಚಿಸಿದ್ದೆ.)

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಚೆಂಡು ಕೈಯಲ್ಲಿರುವ ತಂಡ ಹತ್ತು ಗಜ ಮುಂದೆ ಹೋಗಬೇಕು. ಅದಕ್ಕೆ ನಾಲ್ಕು ಅವಕಾಶ. ಒಂದೊಂದಕ್ಕೂ ಡೌನ್ ಎಂದು ಹೆಸರು. ಆದರೆ ನಾಲ್ಕನೆಯದರಲ್ಲಿ ಸಾಮಾನ್ಯವಾಗಿ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಕೊಟ್ಟುಬಿಡುತ್ತಾರೆ. ಹಾಗಾಗಿ ನಿಜವಾದ ಕೊನೆಯ ಅವಕಾಶ ಎಂದರೆ ಮೂರನೆಯದು, ಥರ್ಡ್ ಡೌನ್. ಎಲ್ಲರೂ ಉಸಿರು ಬಿಗಿಹಿಡಿಯುವುದು ಆಗಲೇ. ಚೆಂಡು ಹಿಡಿದು ಓಡಬೇಕೋ, ಮುಂದಿದ್ದವನಿಗೆ ಎಸೆಯಬೇಕೋ? ಅದನ್ನು ಆಡುವವನು ತೀರ್ಮಾನಿಸುವುದಿಲ್ಲ. ಪಕ್ಕದಲ್ಲಿ ನಿಂತ ಕೋಚು ತೀರ್ಮಾನಿಸಿ ಹೆಡ್‌ಸೆಟ್ಟಿನಲ್ಲಿ ಹೇಳಿಕಳಿಸುತ್ತಾನೆ. ಎರಡು ಮೂರು ಗಜವಷ್ಟೇ ಬೇಕಿದ್ದರೆ ಎರಡೂ ಸಾಧ್ಯ. ಅಮ್ಮ ಮತ್ತು ಶ್ರೀಧರನ ಪಂದ್ಯ ಅಲ್ಲಿ.

ಎದುರಾಳಿಗಳು ಹಿಂದಕ್ಕೆ ತಳ್ಳಿ ಹನ್ನೊಂದು ಗಜ ಬೇಕಾಗಿಬಿಟ್ಟರೆ ಪಂದ್ಯವೇ ಇಲ್ಲ, ಎಸೆಯಲೇಬೇಕು. ನನ್ನ ಗಂಡನಿಗೆ ಜೀವನದಲ್ಲಿ ಸಿಟ್ಟು ಬರುವುದು ಈ ಒಂದು ಸಂದರ್ಭದಲ್ಲಿ. ಯಾಕೆಂದರೆ ಬಫಲೋದ ಕೋಚು ಹನ್ನೊಂದು ಗಜ ಬೇಕಿದ್ದಾಗ ಏಳು ಗಜ ದೂರಕ್ಕೆ ಎಸೆಯಿಸುತ್ತಾನೆ. ಹಿಡಿದವನು ಮಿಕ್ಕಿದ್ದನ್ನು ಓಡಿ ಮುಗಿಸಲಿ ಎಂದು. ಹಿಡಿದವನನ್ನು ಅಲ್ಲೇ ನಾಲ್ಕು ಜನ ಮೇಲೆ ಬಿದ್ದು ಕೆಡವುತ್ತಾರೆ. ದೂರ ಎಸೆದರೆ ಎದುರಾಳಿ ಹಿಡಿದುಬಿಟ್ಟಾನೆಂಬ ಭಯ ಆ ಕೋಚಿಗೆ. ಹತ್ತಿರ ಎಸೆದರೆ ಚೆಂಡೇನೋ ಕ್ಷೇಮ. ಆದರೆ ತಂಡ ಅಲ್ಲಿಗೇ ನಿಂತಿತು.

ಎಲ್ಲಿಯವರೆಗೆ ಹೋಗಬೇಕೆಂದು ತೋರಿಸಲು ಟಿವಿಯಲ್ಲಿ ಒಂದು ಹಳದಿ ಗೆರೆ ಎಳೆದಿರುತ್ತಾರೆ. ಆ ದಿನ ಅಮ್ಮನಿಗೆ ಬೇಸರವಾದದ್ದು ಅದಕ್ಕೇ.

"ಗೆರೆ ಕಣ್ಮುಂದೇನೇ ಐತಲ್ಲ. ಅಲ್ಲಿಗಂಟ ಎಸೆಯಕ್ಕೇನಂತೆ ಇವ್ರಿಗೆ?" ಎಂದು ಟಿವಿಯನ್ನು ಕೇಳಿದಳು.

ಶ್ರೀಧರನೂ ಟಿವಿಗೇ ವಿವರಿಸಿದರು. ಆ ಗೆರೆ ನೆಲದ ಮೇಲಿಲ್ಲ, ಟಿವಿಯವರು ಹಾಕೋದು. ಮೈದಾನದ ಅಂಚಿನಲ್ಲಿ ಯಾರೋ ಕೋಲು ಹಿಡಿದು ನಿಂತಿರುತ್ತಾರೆ, ಅಷ್ಟೇ. "ಗೆರೆ ನೋಡೋರಿಗೆ ಮಾತ್ರ ಕಾಣುತ್ತೆ. ಆಡೋರಿಗೆ ಕಾಣಲ್ಲ."

"ಪಾಪ," ಅಂದಳು ಅಮ್ಮ.

ನಾನು ಒಳಗೆ ಕಾಲಿಟ್ಟೆ. ಅಮ್ಮ ತಟಕ್ಕನೆ ಎದ್ದು, ಅವ್ರಿಗೆ ಕಾಫಿ ಬೇಕೇನೋ ಕೇಳು ಅಂದಳು.

ಹೀಗೆ ನಡೆದಿತ್ತು ವ್ಯವಹಾರ. ಇದು ಚೆನ್ನಾಗಿಯೇ ಇತ್ತು, ಡಿಸೆಂಬರ್ ಬರುವವರೆಗೆ. ಅಮ್ಮನ ವಾಪಸ್ ಟಿಕೆಟ್ ಇದ್ದದ್ದು ಜನವರಿ ಕೊನೆಗೆ. ಮುಂದಕ್ಕೆ ಹಾಕಿಸುವುದು ಕಷ್ಟವೇನಲ್ಲ. ಹೆತ್ತವರಿಗೆಂದು ಈಗ ಹೊಸದಾಗಿ ಬಂದಿರುವ ಸೂಪರ್ ವೀಸಾದಲ್ಲಿ ಬಂದಿದ್ದಾಳೆ, ಎರಡು ವರ್ಷ ಇರಬಹುದು. ಅಪ್ಪ ಹೋದ ಮೇಲೆ ತಿಪಟೂರಿನಲ್ಲಿ ಅವಳನ್ನು ಕಾಯುತ್ತಿರುವುದು ಅವಳ ತಂಗಿಯ ಮನೆಯ ಒಂದು ರೂಮು, ಅಷ್ಟೇ. ಆದರೆ ಆ ತಂಗಿಯೇ ಫೋನಿನಲ್ಲಿ ಕೇಳುತ್ತಾಳೆ, ಅಳಿಯನ ಮನೆಯಲ್ಲಿ ಇನ್ನೂ ಎಷ್ಟು ದಿನ ಅಕ್ಕ ಅಂತ. ಅಮ್ಮನಿಗೆ ಗಂಡುಮಕ್ಕಳಿಲ್ಲ. ನಾನೊಬ್ಬಳೇ. ಮಗಳ ಮನೆಯಲ್ಲಿ ಕೂತು ತಿನ್ನುತ್ತಾಳೆ ಅನ್ನಿಸಿಕೊಳ್ಳುವುದು ಅವಳಿಗೆ ಮುಳ್ಳು.

ನಾನು ಸುಮ್ಮನಿದ್ದೆನೇ? ಇಲ್ಲಪ್ಪ. ವೀಸಾ ಇನ್ನೂ ಇದೆಯಲ್ಲಮ್ಮ ಅಂದೆ. ಇನ್ಶೂರೆನ್ಸ್ ಹೇಗಿದ್ದರೂ ವರ್ಷಕ್ಕೆ ಕಟ್ಟಿದ್ದೇವೆ ಅಂದೆ. ಏಪ್ರಿಲ್ ಬಂದರೆ ಚಳಿ ಹೋಗುತ್ತೆ, ಹೂವು ಬಿಡುತ್ತೆ ಅಂದೆ. ಅಮ್ಮ ಹೂಂಗುಟ್ಟುತ್ತಿದ್ದಳು.

ಕಳೆದ ಭಾನುವಾರಕ್ಕೆ ಬರೋಣ. ಬಫಲೋದ ಈ ಸೀಸನ್ನಿನ ಕೊನೆಯ ಆಟ. ಅಂದು ನನಗೆ ರಜೆ. ಹೊರಗೆ ಹಿಮ. ಅಮ್ಮ ಕೋಡುಬಳೆ ಮಾಡಿದ್ದಳು. ನಾನು ಮನೆಯಲ್ಲಿದ್ದೆನಾದ್ದರಿಂದ ಟಿವಿಗೆ ಮಾತಾಡುವುದು ನಿಂತು, ಹಳೆಯ ಪದ್ಧತಿ ಜಾರಿಗೆ ಬಂತು.

ಅಮ್ಮ ನನ್ನನ್ನು ಕರೆದು ಹೇಳಿದಳು. "ಅವ್ರಿಗೆ ಹೇಳೇ. ಟಿಕೆಟ್ ಏನೂ ಮುಂದಕ್ಕೆ ಹಾಕ್ಸೋದು ಬ್ಯಾಡ. ಹೊಂಟೋಯ್ತೀನಿ."

ಆರಡಿ ದೂರದಲ್ಲಿದ್ದ ಶ್ರೀಧರನಿಗೆ ಇದು ಕೇಳಿಸಲಿಲ್ಲವೇ? ಕೇಳಿಸಿತು. ಮುಖ ಸಣ್ಣದಾಯಿತು. ಇಪ್ಪತ್ತು ವರ್ಷ ಸಂಸಾರ ಮಾಡಿದವಳಿಗೆ ಅಷ್ಟೂ ತಿಳಿಯುವುದಿಲ್ಲವೇ? ಅಮ್ಮ ಬಂದ ಮೇಲೆ ಈ ಮನುಷ್ಯ ಆಫೀಸಿನಿಂದ ಬೇಗ ಬರುತ್ತಾರೆ. ನಮ್ಮ ಕಡೆಯ ತರಕಾರಿ ಸಿಗುವ ಮಾಲ್ಟನ್ನಿನವರೆಗೆ ಕಾರು ಓಡಿಸಿಕೊಂಡು ಹೋಗಿ ನುಗ್ಗೆಕಾಯಿ ಹುಡುಕಿ ತರುತ್ತಾರೆ. ತಂದು, ಯಾರಿಗೂ ಹೇಳದೆ ಅಡುಗೆಮನೆ ಕಟ್ಟೆಯ ಮೇಲಿಟ್ಟು ಹೋಗುತ್ತಾರೆ. ಅಂಥವರು ಈಗ ಏನಂದರು ಗೊತ್ತೇ?

"ಅವರಿಷ್ಟ ಹೇಗೋ ಹಾಗೆ ಅಂತ ಹೇಳು."

ಅಮ್ಮನಿಗೂ ಕೇಳಿಸಿತು. ಕುರ್ಚಿಯಲ್ಲಿ ಸ್ವಲ್ಪ ಸರಿದು ಕೂತಳು. ಅವಳ ಮುಖವೂ ಸಣ್ಣದಾಯಿತು.

ನೋಡಿ, ನನಗೆ ಸಿಟ್ಟು ಬಂದದ್ದು ಆಗ. ಅವಳು ಹೋಗುತ್ತೇನೆ ಅನ್ನುವುದು, ಇರಿ ಅನ್ನಲಿ ಎಂದು. ಇವರು ನಿಮ್ಮಿಷ್ಟ ಅನ್ನುವುದು, ಹಿರಿಯರಿಗೆ ಹೀಗಿರಿ ಎಂದು ಹೇಳುವುದು ಹೇಗೆ ಎಂದು. ಇಬ್ಬರ ಮಾತೂ ಕ್ಷೇಮ. ಇಬ್ಬರದ್ದೂ ನಾಲ್ಕು ಗಜ ಕಮ್ಮಿ. ನನ್ನ ಕಣ್ಣಿಗೆ ಕಾರ್ಪೆಟ್ಟಿನ ಮೇಲೆ ಹಳದಿ ಗೆರೆ ಸ್ಪಷ್ಟವಾಗಿ ಕಾಣುತ್ತಿದೆ. ಇವರಿಗೆ ಕಾಣುತ್ತಿಲ್ಲ.

"ನಾನು ಹೇಳಲ್ಲ," ಅಂದೆ. "ಇವತ್ತಿಂದ ಯಾರ ಮಾತೂ ಹೊರಲ್ಲ. ನಾನೇನು ಹೆಡ್‌ಸೆಟ್ಟಾ?"

ಅಂದವಳೇ ಬಟ್ಟೆಯ ಬುಟ್ಟಿ ಎತ್ತಿಕೊಂಡು ಬೇಸ್‌ಮೆಂಟಿಗೆ ಹೊರಟೆ. ಇಳಿದದ್ದು ಅರ್ಧ ಮೆಟ್ಟಿಲು ಮಾತ್ರ. ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕೂತೆ. (ರಾಜೀನಾಮೆ ಕೊಟ್ಟವರು ಆಫೀಸಿನ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಲ್ಲಬಾರದೆಂದು ಎಲ್ಲಿದೆ?)

ಮೇಲೆ ಟಿವಿ ಓಡುತ್ತಿತ್ತು. ಕಾಮೆಂಟರಿಯವನು ಥರ್ಡ್ ಡೌನ್ ಅಂದ. ಒಂಬತ್ತು ಗಜ ಬೇಕಂತೆ.

"ಎಸೀತಾನೆ," ಅಂದರು ಶ್ರೀಧರ. ದನಿಯಲ್ಲಿ ಜೀವವಿರಲಿಲ್ಲ.

"ಎಸೀತಾನೆ. ಎಸೆದ್ರೂ ಅಲ್ಲಿಗಂಟ ಎಸೆಯಲ್ಲ," ಅಂದಳು ಅಮ್ಮ. "ಹೆದ್ರಿಕೆ."

ಆಮೇಲೆ ಸೋಫಾ ಕಿರುಗುಟ್ಟಿತು. ಇಷ್ಟು ವರ್ಷದ ಸೋಫಾ, ಯಾರು ಹೇಗೆ ತಿರುಗಿದರೆ ಯಾವ ಸದ್ದೆಂದು ನನಗೆ ಗೊತ್ತು. ಅವರು ಟಿವಿಗೆ ಬೆನ್ನು ಹಾಕಿ ಅಡುಗೆಮನೆಯ ಕಡೆ ತಿರುಗಿದ್ದರು.

"ಅತ್ತೆ, ಹೋಗ್ಬೇಡಿ. ನೀವು ಹೋಗೋದು ನನಗಿಷ್ಟ ಇಲ್ಲ."

ಜನ ಕೂಗುವ ಸದ್ದು. ಗೆದ್ದವರದೋ ಸೋತವರದೋ ತಿಳಿಯಲಿಲ್ಲ. ಆ ಥರ್ಡ್ ಡೌನಿನಲ್ಲಿ ಏನಾಯಿತೆಂದು ಇವತ್ತಿಗೂ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಅಮ್ಮ ಈ ಸಲ ಟಿವಿಗೆ ಹೇಳಲಿಲ್ಲ, ನನ್ನನ್ನು ಕರೆಯಲೂ ಇಲ್ಲ.

"ಈ ಮಾತ್ನ ಇಷ್ಟು ದಿನ ಎಲ್ಲಿ ಮಡಗಿದ್ರಿ ಅಳಿಯಂದ್ರೇ?"

ಅಳಿಯಂದಿರು ಮೂಗು ಸೀಟಿದ್ದು ಕೇಳಿಸಿತು. ಕೋಡುಬಳೆಯ ಡಬ್ಬಿಯ ಮುಚ್ಚಳ ತೆರೆದದ್ದು ಕೇಳಿಸಿತು. ತಿನ್ನಿ, ಮೆತ್ತಗಾಗಿಬಿಡ್ತವೆ ಎಂದು ಅಮ್ಮ ಒತ್ತಾಯ ಮಾಡುತ್ತಿದ್ದಳು. ಒದ್ದೆ ಬಟ್ಟೆಯಂತೆ ಮುದುಡಿಕೊಂಡು ನಾನು ಮೆಟ್ಟಿಲಲ್ಲಿ ಅಳುತ್ತಿದ್ದೆ. ಸಂತೋಷಕ್ಕೆ ಸ್ವಾಮಿ. ಸ್ವಲ್ಪ ಜಂಬಕ್ಕೂ. ನಾನು ಕೆಲಸ ಬಿಟ್ಟದ್ದರಿಂದಲೇ ಅಲ್ಲವೇ ಇದೆಲ್ಲ ಆದದ್ದು?

ಅಷ್ಟರಲ್ಲಿ ಬೇಸ್‌ಮೆಂಟಿನ ಬಾಗಿಲ ಹತ್ತಿರ ಹೆಜ್ಜೆಯ ಸದ್ದಾಯಿತು. ಮೇಲೆ ಅಮ್ಮ ನಿಂತಿದ್ದಳು.

"ಅವ್ರೇನೋ ಹೇಳಿದ್ರು," ಅಂದಳು. "ನಿಂದು ವೀಸಾ ಆಯ್ತು, ಇನ್ಶೂರೆನ್ಸ್ ಆಯ್ತು, ಚಳಿ ಆಯ್ತು. ನೀನ್ಯಾವಾಗ ಹೇಳ್ತೀಯೇ?"

ನಾನು ಬಾಯಿ ತೆರೆದೆ. ಮಗಳು ಕಣಮ್ಮ, ನಾನು ಬೇರೆ ಹೇಳಬೇಕೇ ಅನ್ನಲು ಹೊರಟೆ. ಅದೂ ನಾಲ್ಕು ಗಜ ಕಮ್ಮಿಯೇ ಎಂದು ಅರ್ಧದಲ್ಲಿ ಗೊತ್ತಾಯಿತು. ಬುಟ್ಟಿ ಪಕ್ಕಕ್ಕಿಟ್ಟು ಮೇಲೆ ಹತ್ತಿದೆ.

"ಹೋಗ್ಬೇಡ ಅಮ್ಮ. ನನ್ ಜೊತೆ ಇರು."

ಅಮ್ಮ ಸೆರಗಿನ ತುದಿಯಿಂದ ನನ್ನ ಮುಖ ಒರೆಸಿ, ಸರಿ ಬಾ, ಕಾಫಿ ಕುಡಿಯುವಂತೆ ಅಂದಳು. ಹೋಗುವಾಗ ಬಾಗಿಲಲ್ಲಿದ್ದ ತನ್ನ ಕುರ್ಚಿಯನ್ನು ತಾನೇ ಎತ್ತಿ ಡೈನಿಂಗ್ ಟೇಬಲ್ಲಿಗೆ ಸೇರಿಸಿದಳು. ಟಿಕೆಟ್ಟಿನ ತಾರೀಕು ಬದಲಾಯಿಸಲು ಮರುದಿನವೇ ಶ್ರೀಧರ ಟ್ರಾವೆಲ್ ಏಜೆಂಟಿಗೆ ಫೋನ್ ಮಾಡಿದರು.

ಗೆರೆ ಆಡುವವರಿಗೆ ಕಾಣುವುದಿಲ್ಲ, ನೋಡುವವರಿಗೆ ಮಾತ್ರ ಅಂದರಲ್ಲ. ಮನೆಯಲ್ಲಿ ನೋಡುವವಳು ನಾನೊಬ್ಬಳೇ ಎಂದುಕೊಂಡಿದ್ದೆ.

ಹಾಗಾದರೆ ಆಗಸ್ಟಿನಿಂದ ಆ ಡೈನಿಂಗ್ ಕುರ್ಚಿಯಲ್ಲಿ ಕೂತು ನಮ್ಮಮ್ಮ ನೋಡುತ್ತಿದ್ದದ್ದು ಯಾರ ಆಟ?