ಅತ್ತೆಯವರ ಅಂಗಳದ ಬಿಸಿಲು

ಶಟಲ್ ಬ್ಯಾಟಿನ ಚೀಲವನ್ನು ಇವತ್ತು ಕೊಡವಿದಾಗ ವಿಟಮಿನ್ ಡಿ ಮಾತ್ರೆಯ ಖಾಲಿ ಪಟ್ಟಿಯೊಂದು ಬಿತ್ತು. ನೋಡಿದ್ದೇ ನಗು ಬಂತು. ಯಾಕೆಂದು ನಿಮಗೂ ಹೇಳಿಬಿಡುತ್ತೇನೆ.

ನಾನು ನಂಜನಗೂಡಿನ ಒಂದು ಕಾರ್ಖಾನೆಯ ಲ್ಯಾಬಿನವನು. ಹಗಲೆಲ್ಲ ಟ್ಯೂಬ್‌ಲೈಟಿನ ಕೆಳಗೆ, ಸಂಜೆ ಶಟಲ್ ಕೋರ್ಟಿನ ದೀಪದ ಕೆಳಗೆ. ನಲವತ್ತು ದಾಟಿದ ಮೇಲೂ ಸ್ಮ್ಯಾಶ್ ಹೊಡೆಯುವ ಚಪಲ. ಕೆಲವು ವರ್ಷಗಳ ಹಿಂದೆ ಹಾಗೊಮ್ಮೆ ಹಾರಿದೆ. ಇಳಿಯುವಾಗ ಹಿಮ್ಮಡಿಗೆ ಯಾರೋ ಒದ್ದಂತಾಯಿತು. ತಿರುಗಿ ಬೈಯೋಣವೆಂದರೆ ಹಿಂದೆ ಯಾರೂ ಇರಲಿಲ್ಲ.

ಟೆಂಡನ್ ಅರ್ಧ ಹರಿದಿದೆ ಎಂದರು ಡಾಕ್ಟರು. ಪುಸ್ತಕದ ಕನ್ನಡದಲ್ಲಿ ಅದು ಸ್ನಾಯುರಜ್ಜು. ನಮ್ಮ ಕಡೆ ಮೈಯೊಳಗಿನ ದಾರದಂಥದ್ದೆಲ್ಲ ನರವೇ. ವಾರಗಟ್ಟಲೆ ಪಟ್ಟಿ ಕಟ್ಟಿಕೊಂಡು ಕೂತರೂ ನೋವು ಬಿಡಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ವಿಟಮಿನ್ ಡಿ ತಳ ಸೇರಿತ್ತು.

"ನಂಜನಗೂಡಲ್ಲಿದ್ದು ಬಿಸಿಲಿಗೆ ಬಡತನವೇನ್ರೀ?" ಎಂದು ಡಾಕ್ಟರು ನಕ್ಕರು. "ಬಿಸಿಲಾಗಲಿ ಮಾತ್ರೆಯಾಗಲಿ ನರ ಹೊಲಿದು ಕೊಡಲ್ಲ. ಆದ್ರೆ ಕೊರತೆ ಇದ್ರೆ ವಾಸಿಯಾಗೋದು ನಿಧಾನ ಆಗಬಹುದು, ತುಂಬಿಸ್ಕೊಳ್ಳಿ. ಹಿಮ್ಮಡಿ ಎತ್ತಿ ಇಳಿಸೋ ವ್ಯಾಯಾಮ ಮಾತ್ರ ತಪ್ಪಿಸ್ಬೇಡಿ. ಕುಂಟು ಉಳಿದ್ಬಿಟ್ಟೀತು."

ಕುಂಟು ಎಂದದ್ದಕ್ಕೆ ಹೆದರಿದೆ. ನಮ್ಮ ಬಾಡಿಗೆ ಮನೆಗೆ ಬಿಸಿಲು ಬೀಳುವುದಿಲ್ಲ. ರಜೆ ಹಾಕಿ, ಹೆಂಡತಿಯ ಜೊತೆ ತಿ. ನರಸೀಪುರದ ಅವಳ ತವರಿಗೆ ಹೋದೆ. ಅಲ್ಲಿ ಅಂಗಳ ದೊಡ್ಡದು. ಆದರೆ ಅತ್ತೆಯವರು ಮದುವೆಯಾದಂದಿನಿಂದ ನನ್ನೆದುರು ನಿಂತು ಮಾತಾಡಿದವರಲ್ಲ. ಬಾಗಿಲ ಮರೆಯಿಂದ "ಅಳಿಯಂದ್ರು ಕಾಪಿ ಕುಡುದ್ರಾ?" ಎಂದು ಮಗಳನ್ನು ಕೇಳುವರು, ನಾನೂ ಮಗಳಿಗೇ ಉತ್ತರ ಕೊಡುವೆನು.

ಕಾಂಪೌಂಡ್ ಗೋಡೆ ಹಿಡಿದು, ಒಂದು ಎರಡು ಎಂದು ಗಟ್ಟಿಯಾಗಿ ಎಣಿಸುತ್ತಾ ವ್ಯಾಯಾಮ ಶುರು ಮಾಡಿದೆ. ಗೋಡೆ ನನ್ನ ಕಣ್ಣಿನ ಎತ್ತರ. ಹಿಮ್ಮಡಿ ಎತ್ತಿದರೆ ಮುಖ ಮೇಲೆ, ಇಳಿಸಿದರೆ ಮಾಯ. ಬಿಸಿಲಿಗೆ ಕಣ್ಣು ಮುಚ್ಚಿ, ನೋವಿಗೆ ಹಲ್ಲು ಕಿರಿಯುತ್ತಿದ್ದ ನನಗೆ, ಆಚೆ ಪಕ್ಕದ ಮನೆಯಾಕೆ ಪಾತ್ರೆ ತೊಳೆಯುತ್ತಾರೆಂದು ಗೊತ್ತೇ ಇರಲಿಲ್ಲ.

ಒಂದು ದಿನ ಆಕೆಯ ಗಂಡ ಗೇಟಿಗೆ ಬಂದ. "ಏನಕ್ಕಾ, ನಿಮ್ಮಳಿಯ ಗ್ವಾಡೆ ಮ್ಯಾಲಿಂದ ಇಣುಕಿ ಇಣುಕಿ ಅಲ್ಲು ಬುಡ್ತಾರಂತಲ್ಲಾ?"

ನಾನು ಗೋಡೆಯಿಂದ ಕೈ ತೆಗೆದೆ. ಹೆಂಡತಿ ಅಂಗಡಿಗೆ ಹೋಗಿದ್ದಳು. ಅತ್ತೆ ಸೆರಗು ಸಿಕ್ಕಿಸಿಕೊಂಡು ಹೊರಗೇ ಬಂದುಬಿಟ್ಟರು.

"ಇಣುಕೋರು ಲೆಕ್ಕ ಇಟ್ಕಂಡು ಇಣುಕ್ತಾರೇನಪ್ಪಾ? ಕಾಲ್ ನರ ಕಿತ್ತೋಗದೆ, ಡಾಕ್ಟ್ರು ಏಳ್ದಂಗೆ ಮಾಡ್ತಾವ್ರೆ. ಅಲ್ಲು ಬುಡದು ನೋವ್ಗೆ!" ಆಮೇಲೆ ನನ್ನ ಕಡೆ ತಿರುಗಿ, "ನೀವ್ ಎತ್ತಿ ಅಳಿಯಂದ್ರೆ, ನಾನೇ ಎಣಿಸ್ತೀನಿ" ಎಂದರು.

ಎತ್ತಿದೆ. ಹಲ್ಲು ತಾನಾಗಿ ಹೊರಬಂತು. ಆತ ನಗುತ್ತಾ ಹೋದ.

ಮರುದಿನದಿಂದ ಅತ್ತೆಯವರು ಅವರೆಕಾಯಿ ಸುಲಿಯುತ್ತಾ ಅಂಗಳದಲ್ಲೇ ಕೂತು ಎಣಿಸಿದರು. ಎಣಿಕೆ ತಪ್ಪುವಷ್ಟು ಮಾತು ಬೆಳೆಯಿತು. ಒಮ್ಮೆ ಮೊರವನ್ನು ಮೊಳೆಗೆ ತಗುಲಿಸಲು ಹೋದರೆ ಅವರ ಕೈ ಭುಜದಿಂದ ಮೇಲೇಳಲಿಲ್ಲ. ಯಾವಾಗಿನಿಂದ ಎಂದೆ.

"ಸುಮಾರ್ ದಿನ್ದಿಂದ. ಒಲೆ ಮುಂದೆ ಕೂರೋಳ್ಗೆ ಕೈ ಎತ್ತೋ ಕೆಲ್ಸ ಏನದೆ ಬುಡಿ."

ಬಿಡಲಿಲ್ಲ, ಹೆಂಡತಿಯೂ ನಾನೂ ಹಟ ಹಿಡಿದು ಡಾಕ್ಟರಿಗೆ ತೋರಿಸಿದೆವು. ಭುಜದ ಟೆಂಡನ್ ಬಾತಿತ್ತು. ವಿಟಮಿನ್ ಡಿ ನನಗಿಂತಲೂ ಕೆಳಗೆ. "ಅಳಿಯಂದ್ರಿಗಿಂತ ನಂದೇ ಕಮ್ಮಿಯಾ?" ಎಂದು, ಅಳಿಯನಿಗಿಂತ ಮೊದಲೇ ಉಂಡೆದ್ದವರಂತೆ ಸಂಕೋಚಪಟ್ಟರು. ಗೋಡೆಯ ಮೇಲೆ ಬೆರಳು ನಡೆಸುತ್ತಾ ಕೈ ಏರಿಸುವುದು ಅವರ ವ್ಯಾಯಾಮ. ಅದನ್ನು ನಾನು ಎಣಿಸಿದೆ.

ಇಬ್ಬರಿಗೂ ವಾಸಿಯಾಗಲು ತಿಂಗಳುಗಳೇ ಹಿಡಿದವು. ಮಾತ್ರೆಯಿಂದಲೋ, ಬಿಸಿಲಿನಿಂದಲೋ, ಎಣಿಕೆಯಿಂದಲೋ ನಾನು ಹೇಳಲಾರೆ. ನಾನೀಗ ಸ್ಮ್ಯಾಶ್ ಬಿಟ್ಟಿದ್ದೇನೆ. ಇದನ್ನು ಬರೆಯುತ್ತಿರುವಾಗಲೇ ತಿ. ನರಸೀಪುರದಿಂದ ಫೋನು ಬಂತು. ಹೆಂಡತಿ ಎರಡೇ ಮಾತಾಡಿ, ಮುಖ ಊದಿಸಿಕೊಂಡು ನನ್ನ ಕೈಗೆ ತುರುಕಿದಳು.

"ತಗೊಳ್ಳಿ, ನಮ್ಮಮ್ಮ. ಫೋನ್ ನಿಮಗಂತೆ."